ದಕ್ಷಿಣದ ಚೆಕ್ಕುಬಂದಿ

"ನನ್ನದನ್ನ ನಾನು ಕೊಡೋದಕ್ಕೂ ಸರ್ಕಾರಕ್ಕೆ ಯಾಕೆ ಪಾಲು?"

ಬೆಂಚಿನ ತುದಿಯಲ್ಲಿ ಕೂತಿದ್ದ ಯೂಡೋರಾ ಕ್ವಾಶಿ ಇದನ್ನು ಯಾರನ್ನೂ ನೋಡದೆ ಕೇಳಿದಳು. ಎದುರಿಗೆ ಗೋಡೆ, ಗೋಡೆಗೆ ನವೆಂಬರಿನಲ್ಲೇ ನಿಂತುಹೋದ ಕ್ಯಾಲೆಂಡರು. ಸಾಲಿನಲ್ಲಿದ್ದವರು ಯಾರೂ ಉತ್ತರ ಕೊಡಲಿಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ಒಂಬತ್ತು ಬೆಳಗುಗಳಲ್ಲಿ ಅಂದು ಆರನೆಯದು. ಊರೆಲ್ಲ ನಸುಕಿಗೇ ಎದ್ದು, ಬೀದಿಯಲ್ಲಿ ಹಾಡಿ ಕುಣಿದು, ಹಾಗೇ ಕೆಲಸಕ್ಕೆ ಬಂದಿತ್ತು. ಅರ್ಧ ಮಂದಿ ನಿಂತಲ್ಲೇ ತೂಕಡಿಸುತ್ತಿದ್ದರು. ಉತ್ತರ ಹೇಳಬೇಕಾದವನು ಯಾರಾದರೂ ಇದ್ದರೆ ಅದು ನಾನು. ನನಗೂ ನಿದ್ದೆ ಸಾಲದಾಗಿತ್ತು.

ನಮ್ಮ ದ್ವೀಪದಲ್ಲಿ ಜಮೀನಿನ ಪತ್ರ ಯಾವುದೇ ಇರಲಿ, ನೋಂದಣಿ ಪುಸ್ತಕಕ್ಕೆ ಹೋಗುವ ಮೊದಲು ನನ್ನ ಮೇಜಿಗೆ ಬರಬೇಕು. ಪತ್ರದಲ್ಲಿ ಹೇಳಿದ ಬೆಲೆ ಸರಿಯೋ ಅಲ್ಲವೋ ನೋಡಿ, ಮುದ್ರಾಂಕ ಶುಲ್ಕ ಎಷ್ಟೆಂದು ನಾನು ಬರೆಯಬೇಕು. ಶುಲ್ಕ ಕಟ್ಟಿದ ಮೇಲೆ ಕಬ್ಬಿಣದ ಯಂತ್ರದ ಹಿಡಿಯನ್ನು ಎರಡು ಕೈಯಲ್ಲಿ ಎಳೆದು ಹಾಳೆಯ ಮೂಲೆಗೆ ಉಬ್ಬು ಮುದ್ರೆ ಒತ್ತಬೇಕು. ಮೂವತ್ತೊಂದು ವರ್ಷ ಎಳೆದು ಬಲಗಡೆಯ ಭುಜ ಈಗ ಎಡಗಡೆಯದಕ್ಕಿಂತ ಒಂದು ಬೆರಳು ಕೆಳಗಿದೆ. ಇದಲ್ಲದೆ ಇನ್ನೊಂದು ಕೆಲಸವುಂಟು. ಓದು ಬಾರದವರು ಬಂದರೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಅವರು ಪವಿತ್ರಗ್ರಂಥದ ಮೇಲೆ ಕೈಯಿಟ್ಟು, ಕೇಳಿದೆ, ಇದೆಲ್ಲ ನಿಜ ಎಂದು ಹೇಳಿ, ಹೆಸರಿನ ಜಾಗದಲ್ಲಿ ಅಡ್ಡಗೀಟು ಹಾಕಬೇಕು.

ಈ ಓದುವ ಕೆಲಸ ನನಗೆ ಭಾರವೆನಿಸಿದ್ದಿಲ್ಲ. ನಮ್ಮಜ್ಜಿ ಬೆಳಗಾಗೆದ್ದು ಒಲೆ ಹಚ್ಚುವ ಮುಂಚೆ ದೇವರ ಪದ್ಯಗಳನ್ನು ಬಾಯಲ್ಲೇ ಹೇಳುತ್ತಿದ್ದಳು. ನಾನು ಚಾಪೆಯ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದೆ. ಪತ್ರಗಳಿಗೂ ಅಂಥ ಓಟವೊಂದಿದೆ. ಅದರಲ್ಲೂ ಚೆಕ್ಕುಬಂದಿಗೆ. ಉತ್ತರಕ್ಕೆ ಇಂಥದ್ದು, ಪೂರ್ವಕ್ಕೆ ಇಂಥದ್ದು ಎಂದು ನಾಲ್ಕು ದಿಕ್ಕು ಸುತ್ತಿ ಬರುವಾಗ ಬಾಯಿ ತಾನಾಗಿ ನಡೆಯುತ್ತದೆ. ಹಾಗಾಗಿಯೇ ಚೆಕ್ಕುಬಂದಿಯನ್ನು ಯಾರೂ ಮನಸ್ಸಿಟ್ಟು ಓದುವುದಿಲ್ಲ.

"ಮಿಸ್ಟರ್ ಲೇಡ್ಲೋ, ನಮ್ಮದನ್ನ ಸ್ವಲ್ಪ ಬೇಗ ಮುಗಿಸಿಕೊಡಿ," ಎಂದು ಆಸ್ರಿಕ್ ಡೆಲ್ಪೆಶ್ ಬಂದು ಮೇಜಿಗೆ ಒರಗಿದ. ಆಸ್ರಿಕ್ ವಕೀಲರೊಬ್ಬರ ಗುಮಾಸ್ತ, ಪತ್ರ ಬರೆಯುವವನು. ಮಳೆಯಿಲ್ಲದ ದಿನವೂ ಅವನ ಕಂಕುಳಲ್ಲಿ ಕೊಡೆ. "ಮುದುಕಿ ಗುಡ್ಡ ಇಳಿದು ಬಂದಿದ್ದಾಳೆ. ವ್ಯಾನಿನಲ್ಲಿ ಎರಡು ಸಲ ವಾಂತಿ. ಇನ್ನೊಂದ್ಸಲ ಇಳಿಯೋ ಹಾಗೆ ಕಾಣಲ್ಲ."

"ನನಗೆ ಕಿವಿ ಕೇಳುತ್ತೆ, ಆಸ್ರಿಕ್," ಎಂದಳು ಯೂಡೋರಾ ಬೆಂಚಿನಿಂದ. "ನಿಮ್ಮಪ್ಪನೂ ಹೀಗೇ. ಬದುಕಿದ್ದೋರ ಎದುರಿಗೇ ಶವದ ಪೆಟ್ಟಿಗೆ ಅಳತೆ ತಗೋತಿದ್ದ."

ಸಾಲಿನಲ್ಲಿ ಯಾರೋ ನಕ್ಕರು. ಆಸ್ರಿಕನ ಅಪ್ಪ ಬಡಗಿಯಾಗಿದ್ದ.

ಗುಡ್ಡದವರೆಲ್ಲ ಯೂಡೋರಾಳನ್ನು ಮಾ, ಅಂದರೆ ಅಮ್ಮ, ಎನ್ನುತ್ತಾರೆ. ವಯಸ್ಸು ಎಂಬತ್ತೆರಡು. ತಲೆಗೆ ಪ್ರಾರ್ಥನೆಯ ಬಿಳಿ ಬಟ್ಟೆ, ಕೈಯಲ್ಲಿ ಆಸ್ಪತ್ರೆಯ ಚೀಟಿ. ಪಕ್ಕದಲ್ಲಿ ವರ್ಲಿನ್ ಕೂತಿದ್ದಳು. ನಲವತ್ತಮೂರರ ಹೆಂಗಸು, ಉಗುರಿನ ಸಂದಿನಲ್ಲಿ ಒಣಗಿದ ಹಿಟ್ಟು. ನಸುಕಿನಲ್ಲಿ ಬೀದಿ ಕುಣಿಯುತ್ತಿದ್ದಾಗ ಇವಳು ಬ್ರೆಡ್ಡು ಸುಟ್ಟು, ಬುಟ್ಟಿ ತುಂಬಿ ಮಾರಿ, ಹಾಗೇ ಮುದುಕಿಯನ್ನು ಕರೆದುಕೊಂಡು ಬಂದಿದ್ದಳು. ಮುದುಕಿ ಮನೆ, ಮನೆಯ ಜಾಗ, ಜಾಗದಲ್ಲಿದ್ದ ಒಲೆ ಎಲ್ಲವನ್ನೂ ಅವಳಿಗೆ ದಾನಪತ್ರ ಬರೆದುಕೊಡುತ್ತಿದ್ದಳು.

ಎರಡು ವಾರದ ಹಿಂದೆ ಬೆಲೆ ಕಟ್ಟಲು ನಾನೇ ಹೋಗಿ ಆ ಜಾಗ ನೋಡಿದ್ದೆ. ಎರಡು ಕೋಣೆಯ ಮರದ ಮನೆ. ಹಿಂದೆ ಇಟ್ಟಿಗೆಯ ದುಂಡು ಒಲೆ, ಒಳಗೆ ಒಬ್ಬ ಮನುಷ್ಯ ಬಗ್ಗಿ ಕೂರುವಷ್ಟು ದೊಡ್ಡದು. ವರ್ಲಿನ್ ಬಿಸಿ ಬ್ರೆಡ್ಡು ಸೀಳಿ, ಒಳಗೆ ಉಪ್ಪುಮೀನು ಇಟ್ಟು ಕೊಟ್ಟಳು. ನಾನು ತಿನ್ನುತ್ತಾ ಜಾಗ ಸುತ್ತಿದೆ. ದಕ್ಷಿಣದ ಅಂಚಿನಲ್ಲಿ ಒಂದು ಗೋರಿ ಇತ್ತು. ಸುತ್ತ ಶಂಖ ನೆಟ್ಟಿದ್ದರು, ಹೊಸದಾಗಿ ಸುಣ್ಣ ಬಳಿದಿದ್ದರು. ಇಲ್ಲಿ ಮನೆಯ ಜಾಗದಲ್ಲಿ ಗೋರಿ ಇರುವುದು ಸಾಮಾನ್ಯ. ಕ್ವಾಶಿಯವರ ಹಿರಿಯರದ್ದೇ ಇರಬೇಕೆಂದುಕೊಂಡು ಯಾರದೆಂದು ಕೇಳಲಿಲ್ಲ. ಪುಸ್ತಕದಲ್ಲಿ 'ದಕ್ಷಿಣ: ಗೋರಿ' ಎಂದು ಬರೆದುಕೊಂಡು ವ್ಯಾನು ಹಿಡಿದೆ.

ಬೆಲೆಯ ವಿಷಯದಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ವಿಮಾನ ನಿಲ್ದಾಣದ ಹೊಸ ರಸ್ತೆ ಬಂದ ಮೇಲೆ ಆ ಗುಡ್ಡಕ್ಕೆ ಚದರಡಿಗೆ ಇಷ್ಟೆಂದು ಮೇಲಿನಿಂದ ಪಟ್ಟಿ ಬಂದಿತ್ತು. ಪಟ್ಟಿಯ ಪ್ರಕಾರ ಅದು ನಲವತ್ತೆರಡು ಸಾವಿರ ಡಾಲರಿನ ಆಸ್ತಿ. ಹೊರಗಿನವರಿಗೆ ದಾನ ಕೊಟ್ಟರೆ ನೂರಕ್ಕೆ ಹತ್ತು, ಅಂದರೆ ನಾಲ್ಕು ಸಾವಿರದ ಇನ್ನೂರು. ಹೆತ್ತ ಮಕ್ಕಳಿಗೆ ಕೊಟ್ಟರೆ ಬರೀ ಹತ್ತು ಡಾಲರಿನ ಮುದ್ರೆ. ದಾನಪತ್ರ ಬಂದಾಗ ನಾನು ಮೊದಲು ನೋಡುವುದು ಸಂಬಂಧವನ್ನು. ಆಸ್ರಿಕನ ಪತ್ರದಲ್ಲಿ 'ನನ್ನ ಹೆತ್ತ ಮಗಳು ವರ್ಲಿನ್ ಮ್ಯಾಲೋನಿ' ಎಂದಿತ್ತು. ತಾಯಿಗೊಂದು ಅಡ್ಡಹೆಸರು, ಮಕ್ಕಳಿಗೊಂದು ಇರುವುದು ನಮ್ಮಲ್ಲಿ ಹೊಸದಲ್ಲ. ನಾನು ಮೂಲೆಯಲ್ಲಿ 'ಹತ್ತು' ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ.

"ಬನ್ನಿ, ಮಾ ಯೂಡೋರಾ," ಎಂದೆ.

ವರ್ಲಿನ್ ತೋಳು ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. "ಟ್ಯಾಂಟಿ, ನೀರು ಕುಡೀತೀಯಾ?"

"ಈ ಆಫೀಸಿನ ನೀರಾ? ಬೇಡ. ಓದಲಿ ಮೊದಲು."

ಟ್ಯಾಂಟಿ ಎಂದದ್ದು ನನ್ನ ಕಿವಿಗೆ ಬಿತ್ತು. ನಮ್ಮಲ್ಲಿ ಚಿಕ್ಕಮ್ಮ, ಅತ್ತೆ, ನೆರೆಮನೆಯ ಹಿರಿಯ ಹೆಂಗಸು ಎಲ್ಲರೂ ಟ್ಯಾಂಟಿಯರೇ. ತಾಯಿಯನ್ನು ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಗಂಟೆ ಹನ್ನೆರಡಾಗುತ್ತಿತ್ತು, ಹಿಂದೆ ಇನ್ನೂ ಒಂಬತ್ತು ಮಂದಿ. ನಾನು ಕನ್ನಡಕ ಹಾಕಿಕೊಂಡು ಓದತೊಡಗಿದೆ.

ಯೂಡೋರಾ ಕಣ್ಣು ಮುಚ್ಚಿಕೊಂಡು, ಪ್ರಾರ್ಥನೆಗೆ ಕೂತವರ ಹಾಗೆ ಎರಡೂ ಅಂಗೈ ಮಂಡಿಯ ಮೇಲಿಟ್ಟು ಕೇಳಿದಳು. 'ನನ್ನ ಹೆತ್ತ ಮಗಳು' ಎಂದು ಓದಿದಾಗ ಒಮ್ಮೆ ಕಣ್ಣು ತೆರೆದಳು. ಸೆಕೆಯೇನೋ ಎಂದುಕೊಂಡು ಮುಂದೆ ಓದಿದೆ. ಸಹಜವಾದ ಪ್ರೀತಿ ವಿಶ್ವಾಸಗಳ ಸಲುವಾಗಿ, ಹಣವನ್ನಾಗಲಿ ಬೇರೆ ಯಾವ ಪ್ರತಿಫಲವನ್ನಾಗಲಿ ಪಡೆಯದೆ, ಈ ದಿನ ಮೊದಲ್ಗೊಂಡು ಎಂದೆಂದಿಗೂ. ಆಕೆ ಮತ್ತೆ ಕಣ್ಣು ಮುಚ್ಚಿದಳು. ನಾನು ಚೆಕ್ಕುಬಂದಿಗೆ ಬಂದೆ.

"ಉತ್ತರಕ್ಕೆ, ಗುಡ್ಡಕ್ಕೆ ಹೋಗುವ ಸಾರ್ವಜನಿಕ ರಸ್ತೆ. ಪೂರ್ವಕ್ಕೆ, ನಥಾನಿಯೆಲ್ ಹೇಜಲ್ಲನ ಜಮೀನು, ನಡುವೆ ದಾಸವಾಳದ ಬೇಲಿ. ಪಶ್ಚಿಮಕ್ಕೆ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ದಕ್ಷಿಣಕ್ಕೆ, ಸದರಿ ವರ್ಲಿನಳ ತಾಯಿ ಅಯಾಂಥಿ ಮ್ಯಾಲೋನಿ ಮಲಗಿರುವ ಗೋರಿಯಿಂದ ಹಳ್ಳದವರೆಗೆ ನೇರ ಗೀಟು."

ಬಾಯಿ ಇನ್ನೂ ಎರಡು ಪದ ಮುಂದೆ ಹೋಗಿ ನಿಂತಿತು. ನಾನು ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿದೆ. ಆಮೇಲೆ ಆಸ್ರಿಕನ ಮುಖ ನೋಡಿದೆ. ಅವನು ಕೊಡೆಯ ಹಿಡಿಯನ್ನು ನೋಡುತ್ತಿದ್ದ.

"ಇದನ್ನ ಬರೆದೋರು ಯಾರು, ಆಸ್ರಿಕ್?"

"ಮೇಲಿನ ಭಾಗ ಆಫೀಸಿನಲ್ಲಿ ನಾನೇ ಬರೆದದ್ದು," ಎಂದ ಮೆಲ್ಲಗೆ. "ಚೆಕ್ಕುಬಂದಿ ಮಾತ್ರ ಮುದುಕಿ ಜಾಗದಲ್ಲೇ ನಿಂತು ಹೇಳಿದ್ಲು. ಒಂದೊಂದು ಮೂಲೆಗೂ ಕರ್ಕೊಂಡು ಹೋಗಿ ಹೇಳಿದ್ಲು. ಹೇಳಿದ ಹಾಗೇ ಇಳಿಸಿಕೊಂಡೆ. ಬಿಸಿಲು ಬೇರೆ. ತಿರುಗಿ ನೋಡಲಿಲ್ಲ."

"ಇಪ್ಪತ್ತು ವರ್ಷ ಪತ್ರ ಬರೆದಿದ್ದೀಯ."

"ಇಪ್ಪತ್ತು ವರ್ಷದಲ್ಲಿ ದಕ್ಷಿಣದ ಚೆಕ್ಕುಬಂದಿ ಕಿವಿಗೆ ಹಾಕ್ಕೊಂಡೋರು ನೀವೊಬ್ರೇ, ಮಿಸ್ಟರ್ ಲೇಡ್ಲೋ. ಇವತ್ತೇ ಹಾಕ್ಕೋಬೇಕಿತ್ತಾ?" ಅವನು ಇನ್ನೂ ಹತ್ತಿರ ಬಗ್ಗಿದ. "ಆ ಹೆಂಗಸು ಇವಳನ್ನ ಹೆತ್ತ ವಾರಕ್ಕೇ ಸತ್ಲು. ಅವತ್ತಿಂದ ಸಾಕಿದೋಳು ಈ ಮುದುಕಿ. ಬೇರೆ ಮಕ್ಕಳಿಲ್ಲ. ದತ್ತು ಕಾಗದ ಗೀಗದ ಅಂತ ಆ ಕಾಲದಲ್ಲಿ ಗುಡ್ಡದ ಮೇಲೆ ಯಾರಿಗೆ ಗೊತ್ತಿತ್ತು? ಹೆತ್ತ ಅನ್ನೋ ಒಂದು ಮಾತು ಸೇರಿಸಿದೆ. ಯಾರ ಗಂಟು ಹೋಯ್ತು?"

"ಉಯಿಲು ಬರೆಸಬಹುದಿತ್ತು."

"ಉಯಿಲಿಗೂ ಅದೇ ನೂರಕ್ಕೆ ಹತ್ತು. ಮೇಲೆ ಕೋರ್ಟು. ಇಂಗ್ಲೆಂಡಿನಲ್ಲಿ ಮುದುಕಿಯ ಅಣ್ಣನ ಮಗ ಇದ್ದಾನಲ್ಲ, ಕಾರ್ಲಿಸ್ಲ್, ಭಾನುವಾರದ ವಿಮಾನಕ್ಕೆ ಇಳೀತಾನೆ. ಮುದುಕಿ ಹೋದ್ರೆ ರಕ್ತಸಂಬಂಧ ಅಂತ ಇರೋನು ಅವನೊಬ್ಬನೇ. ಪ್ರವಾಸಿಗಳಿಗೆ ಬಾಡಿಗೆ ಮನೆ ಕಟ್ತಾನಂತೆ. ನಕ್ಷೆ ಕಳಿಸಿದ್ದಾನೆ, ನಾನೇ ನೋಡಿದೀನಿ. ಒಲೆ ಇರೋ ಜಾಗದಲ್ಲಿ ಈಜುಕೊಳ."

ವರ್ಲಿನ್ ಇದನ್ನೆಲ್ಲ ಕೇಳಿಸಿಕೊಂಡಳು. ಉಗುರಿನ ಹಿಟ್ಟು ಕೆರೆಯುತ್ತಿದ್ದಳು.

ನಾನು ಕನ್ನಡಕ ತೆಗೆದು ಒರೆಸಿದೆ. ಇಷ್ಟು ವರ್ಷದಲ್ಲಿ ಒಂದು ಸಾಲನ್ನೂ ನುಂಗಿದವನಲ್ಲ ನಾನು. ಅದೇನು ದೊಡ್ಡ ಗುಣವಲ್ಲ, ಯಾರೂ ನುಂಗಲು ಹೇಳಿರಲಿಲ್ಲ, ಅಷ್ಟೇ. ಈಗ ಭುಜ ನೋಯುತ್ತಿತ್ತು. ಹೊರಗೆ ಯಾವನೋ ಇನ್ನೂ ಡ್ರಮ್ಮು ಬಡಿಯುತ್ತಿದ್ದ. ಆ ಒಲೆಯ ಬ್ರೆಡ್ಡಿನ ರುಚಿ ನಾಲಿಗೆಯಲ್ಲಿತ್ತು. ನಾಲ್ಕು ಸಾವಿರ ಎಂದರೆ ವರ್ಲಿನಳ ಎಷ್ಟು ಬುಟ್ಟಿ ಬ್ರೆಡ್ಡು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಮೇಲಿನವರು ಈ ಹಾಳೆಯನ್ನು ತಿರುಗಿಸಿಯೂ ನೋಡುವುದಿಲ್ಲ. ಅವರು ನೋಡುವುದು ಮೂಲೆಯ ಮುದ್ರೆಯನ್ನು.

"ಹಳೆಯ ಗೋರಿ ಅಂತಷ್ಟೇ ಇಟ್ಟುಕೋ," ಎಂದೆ ಆಸ್ರಿಕನಿಗೆ. "ಹೆಸರು, ತಾಯಿ, ಎರಡೂ ತೆಗೆ. ತಿದ್ದಿದ ಕಡೆ ನಿನ್ನ ಸಹಿ ಹಾಕು. ಇನ್ನೊಮ್ಮೆ ಓದಿಬಿಡ್ತೀನಿ."

ಆಸ್ರಿಕ್ ಜೇಬಿನಿಂದ ಪೆನ್ನು ತೆಗೆಯುವ ರಭಸಕ್ಕೆ ಕೊಡೆ ಕೆಳಗೆ ಬಿತ್ತು.

"ನಿಲ್ಲಪ್ಪ," ಎಂದಳು ಯೂಡೋರಾ. ಕಣ್ಣು ಮುಚ್ಚಿಯೇ ಇತ್ತು. "ಮಗಾ, ನೀನು ಮೊದಲು ಏನೋ ಓದಿದ್ಯಲ್ಲ, ಇವಳ ಹೆಸರಿನ ಹಿಂದೆ. ಅದನ್ನ ಓದು."

"ಮಾ, ಅದು ಕಾನೂನಿನ ಮಾತು..."

"ಓದು."

ಓದಿದೆ. ಹೆತ್ತ ಮಗಳು.

"ನಾನಾಗಲೇ ಅಂದ್ಕೊಂಡೆ, ತಪ್ಪು ಕೇಳಿಸ್ತೇನೋ ಅಂತ." ಆಕೆ ಕಣ್ಣು ಬಿಟ್ಟಳು. "ಆಸ್ರಿಕ್, ನಾನು ನಿಂಗೆ ಹೀಗೆ ಹೇಳಿದ್ನಾ?"

"ಇಲ್ಲ ಮಾ. ನಿಮ್ಮ ಒಳ್ಳೇದಕ್ಕೆ..."

"ನಾನು ಹೆತ್ತಿಲ್ಲ. ಒಂದೂ ಹೆತ್ತಿಲ್ಲ. ಗುಡ್ಡಕ್ಕೆಲ್ಲ ಗೊತ್ತು."

"ಗುಡ್ಡದೋರೆಲ್ಲ ನಿಮ್ಮನ್ನ ಮಾ ಅಂತಾರಲ್ಲ!"

"ಅಂತಾರೆ. ನಿನ್ನಂಥ ಕತ್ತೆಯೂ ಅಂತೀಯ. ಅದಕ್ಕೆ ಸರ್ಕಾರದ ಮುದ್ರೆ ಬೇಕಾ?"

ಸಾಲಿನಲ್ಲಿ ಮತ್ತೆ ನಗು. ಯೂಡೋರಾ ನಗಲಿಲ್ಲ. ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಸಮಾಧಾನವಾಗಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಆ ಒಂದು ಮಾತು ಇದ್ದರೆ ಹತ್ತು ಡಾಲರು, ಇಲ್ಲದಿದ್ದರೆ ನಾಲ್ಕು ಸಾವಿರದ ಇನ್ನೂರು. ಶುಲ್ಕ ಕಟ್ಟದೆ ಮುದ್ರೆಯಿಲ್ಲ. ಮುದ್ರೆಯಿಲ್ಲದೆ ನೋಂದಣಿಯಿಲ್ಲ. ನೋಂದಣಿಯಾಗದ ಪತ್ರ ಬ್ರೆಡ್ಡು ಸುತ್ತುವ ಕಾಗದಕ್ಕೆ ಸಮ. ಆಮೇಲೆ ಕಾರ್ಲಿಸ್ಲನ ವಿಷಯ.

"ಸಾಕಿದವಳೂ ತಾಯಿಯೇ, ಮಾ," ಎಂದೆ. "ದೇವರು ಇದನ್ನ ಸುಳ್ಳು ಅನ್ನಲ್ಲ."

"ನೀನು ಪ್ರಾರ್ಥನೆ ಮಾಡೋನಾ, ಮಗಾ?"

"ಹೌದು."

"ನಂಗೆ ಗೊತ್ತಾಯ್ತು. ನೀನು ಓದೋದು ಕೇಳಿದ್ರೇ ಗೊತ್ತಾಗುತ್ತೆ, ಚಿಕ್ಕಂದಿನಲ್ಲಿ ಯಾರೋ ನಿಂಗೆ ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಅಂತ." ಮೇಜಿನ ಮೇಲಿದ್ದ ಪವಿತ್ರಗ್ರಂಥವನ್ನು ಆಕೆ ಬೆರಳಿನಿಂದ ತೋರಿಸಿದಳು. "ಹಾಗಾದ್ರೆ ಅದರ ಮೇಲೆ ಕೈಯಿಡು ಅಂತ ನನಗೆ ನೀನು ಹೇಳ್ಬೇಡ."

ನನ್ನ ಮುಖ ಬಿಸಿಯಾಯಿತು. ಹೊರಗೆ ಡ್ರಮ್ಮು ನಿಂತಿತ್ತು. ಯೂಡೋರಾ ನನ್ನ ಕಡೆ ನೋಡದೆ, ಹಾಳೆಯ ಕಡೆಯೂ ನೋಡದೆ, ತನಗೇ ಹೇಳಿಕೊಳ್ಳುವಂತೆ ಮಾತಾಡಿದಳು.

"ಅಯಾಂಥಿ, ನಾನು, ಇಬ್ರೂ ಕೂವೆ ಹಿಟ್ಟಿನ ಕಾರ್ಖಾನೆಯಲ್ಲಿದ್ವಿ. ಬೆಳಿಗ್ಗೆಯಿಂದ ಸಂಜೆವರೆಗೂ ನೀರಲ್ಲಿ ನಿಂತು ಗೆಡ್ಡೆ ತೊಳೆಯೋದು. ಅವಳಿಗೆ ಮನೆ ಇರಲಿಲ್ಲ, ಜಾಗ ಇರಲಿಲ್ಲ. ಗಂಡಸು ಅಂತ ಒಬ್ಬ ಇದ್ದ, ದೋಣಿ ಹತ್ತಿ ಹೋದ. ಒಂದು ಜೊತೆ ಚಪ್ಪಲಿ ಇತ್ತು, ಅದೂ ನಂದೇ. ಹೆರಿಗೆ ಆಗಿ ಜ್ವರ ಬಂತು. ಐದನೇ ದಿನ ನನ್ನ ಕರೆದು ಹೇಳಿದ್ಲು, ಯೂಡೋರಾ, ನೀನು ಇದನ್ನ ಸಾಕು, ಆದ್ರೆ ಇದಕ್ಕೆ ನನ್ನ ಹೆಸರು ಹೇಳು, ಅಂತ. ಆಯ್ತು ಅಂದೆ. ಸತ್ತಳು. ಮಲಗಿಸೋಕೆ ಜಾಗ ಎಲ್ಲಿ? ನನ್ನ ಜಾಗದ ದಕ್ಷಿಣದ ತುದಿಯಲ್ಲಿ ಆರಡಿ ಕೊಟ್ಟೆ. ಅದಕ್ಕೆ ಯಾವ ಪತ್ರವೂ ಬರೆಸಲಿಲ್ಲ."

"ಟ್ಯಾಂಟಿ, ಸಾಕು," ಎಂದಳು ವರ್ಲಿನ್.

"ಇವಳು ಮಾತು ಕಲಿಯೋವಾಗ ನನ್ನ ಮಾ ಅಂದ್ಲು. ನಾನು ಬಾಯಿ ಮೇಲೆ ಎರಡು ಬೆರಳು ಇಟ್ಟೆ. ಟ್ಯಾಂಟಿ ಅನ್ನು ಅಂದೆ. ಗೋರಿ ಹತ್ರ ಕರ್ಕೊಂಡು ಹೋಗಿ, ಮಾ ಇವಳು, ಅಂತ ತೋರಿಸಿದೆ. ಹೊಡೆದೆ ಅಂತಲ್ಲ. ಬೆರಳು ಇಟ್ಟೆ, ಅಷ್ಟೇ." ಆಕೆ ಆ ಎರಡು ಬೆರಳನ್ನು ಒಮ್ಮೆ ನೋಡಿಕೊಂಡಳು. "ಆ ಹೆಂಗಸಿಗೆ ಈ ಲೋಕದಲ್ಲಿ ಇದ್ದದ್ದೇ ಅದೊಂದು. ಈಗ ಕಾಗದದಲ್ಲಿ ಅದನ್ನೂ ಕಿತ್ಕೊಂಡು ಹಳೇ ಗೋರಿ ಅಂತ ಬರೆಯೋದಾ?"

ಆಸ್ರಿಕ್ ಬಗ್ಗಿ ಕೊಡೆ ಎತ್ತಿಕೊಂಡ. ಅವನಿಗೂ ದಣಿವಾಗಿತ್ತು. "ಸತ್ತೋರು ಬಂದು ಪತ್ರ ಓದ್ತಾರಾ, ಮಾ?" ಎಂದ, ಆದರೆ ಮೊದಲಿನ ಬಿರುಸಿರಲಿಲ್ಲ.

"ಯಾರೂ ಓದಲ್ಲ ಅಂತಾನೇ ನೀನು ಹೀಗೆ ಬರೆದಿದ್ದು."

ಹನ್ನೆರಡೂವರೆಯ ಗಂಟೆ ಹೊಡೆಯಿತು. ಸಾಲಿನ ಕೊನೆಯಲ್ಲಿದ್ದ ಇಬ್ಬರು ಊಟಕ್ಕೆ ಹೊರಟುಹೋದರು. ನಾನು ಆಕೆಯ ಕೈಗೆ ಒಂದು ಲೋಟ ನೀರು ಕೊಟ್ಟೆ. ಬೇಡವೆಂದಿದ್ದವಳು ಈಗ ಒಂದೇ ಸಲಕ್ಕೆ ಕುಡಿದಳು. ಲೋಟ ಇಡುವಾಗ ಉಳಿದ ಸ್ವಲ್ಪ ನೀರು ದಾನಪತ್ರದ ಅಂಚಿಗೆ ಬಿತ್ತು. ವರ್ಲಿನ್ ತನ್ನ ಲಂಗದ ತುದಿಯಿಂದ ಅದನ್ನು ಒತ್ತಿ ಒರೆಸಿದಳು. ಒರೆಸಿ ಹಾಗೇ ಹಾಳೆಯನ್ನು ನೋಡುತ್ತ ನಿಂತಳು. ಅವಳಿಗೆ ಓದು ಬರುತ್ತಿತ್ತು. ಮೇಲಿನ ಸಾಲನ್ನು ಬೆರಳಿಟ್ಟು ಓದಿದಳು, ಕೆಳಗಿನ ಸಾಲನ್ನೂ ಓದಿದಳು.

"ಟ್ಯಾಂಟಿ," ಎಂದಳು, "ನಾನು ಒಂದು ಕೇಳ್ಲಾ?"

"ಕೇಳು."

"ವರ್ಷಾ ವರ್ಷಾ ಅಲ್ಲಿ ಸುಣ್ಣ ಬಳಿಯೋಳು ನಾನು. ಮೇಣದ ಬತ್ತಿ ಹಚ್ಚೋಳು ನಾನು. ಒಂದು ವರ್ಷವೂ ತಪ್ಪಿಸಿಲ್ಲ, ನೀನು ಹೇಳಿದೆ ಅಂತ. ಆ ಮುಖ ನಾನು ನೋಡಿಲ್ಲ. ಮಾ ಅಂತ ಕಲ್ಲಿಗೆ ಹೇಳಿದ್ದೀನಿ, ಕಲ್ಲು ಒಂದ್ಸಲವೂ ಓ ಅಂದಿಲ್ಲ." ದನಿ ಏರಲಿಲ್ಲ. ಬ್ರೆಡ್ಡಿನ ಬೆಲೆ ಹೇಳುವಾಗಿನ ದನಿಯೇ. "ಒಲೆ ಹೋದ್ರೆ ಹೋಗ್ಲಿ. ಇನ್ನೆಲ್ಲಾದ್ರೂ ಕಟ್ಕೋತೀನಿ, ಕೈ ಗಟ್ಟಿ ಇದೆ. ಅದಕ್ಕಲ್ಲ ಕೇಳ್ತಿರೋದು."

"ಮತ್ತೆ?"

ವರ್ಲಿನ್ ಪೆನ್ನನ್ನು ತೆಗೆದು ಮುದುಕಿಯ ಬೆರಳುಗಳ ನಡುವೆ ಇಟ್ಟಳು. ತನ್ನ ಕೈಯಿಂದ ಆ ಕೈಯನ್ನು ಮುಚ್ಚಿ ಹಿಡಿದಳು. ನಾನು ಪವಿತ್ರಗ್ರಂಥವನ್ನು ಮುಂದೆ ಸರಿಸಲೂ ಇಲ್ಲ, ಹಿಂದೆ ಎಳೆದುಕೊಳ್ಳಲೂ ಇಲ್ಲ. ಆಕೆ ಗೀಟು ಹಾಕಿದ್ದರೆ ನಾನು ಮುದ್ರೆ ಒತ್ತಿಬಿಡುತ್ತಿದ್ದೆ. ಇದನ್ನು ಇವತ್ತಿಗೂ ದೇವರ ಮುಂದೆ ಒಪ್ಪಿಕೊಳ್ಳುತ್ತೇನೆ.

"ನಲವತ್ತಮೂರು ವರ್ಷ ಟ್ಯಾಂಟಿ ಅಂದಿದ್ದೀನಿ," ಎಂದಳು ವರ್ಲಿನ್. "ಇಡೀ ಗುಡ್ಡ ನಿನ್ನ ಮಾ ಅನ್ನೋವಾಗ ನಾನೊಬ್ಳೇ ಟ್ಯಾಂಟಿ ಅಂದಿದ್ದೀನಿ. ಈ ಒಂದು ಹಾಳೆ ಮೇಲೆ, ಯಾರೂ ಓದದೇ ಇರೋ ಕಡೆ, ನಾನು ನಿನ್ನ ಮಗಳಾಗಿರ್ತೀನಿ. ಒಂದು ಗೀಟು ಹಾಕು. ನನಗೋಸ್ಕರ."

ಯೂಡೋರಾ ಆ ಎರಡು ಕೈಗಳನ್ನು ನೋಡಿದಳು. ಇನ್ನೊಂದು ಕೈಯಿಂದ ವರ್ಲಿನಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಉಗುರಿನಲ್ಲಿ ಉಳಿದಿದ್ದ ಹಿಟ್ಟನ್ನು ತನ್ನ ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಪೆನ್ನನ್ನು ಉರುಳದಂತೆ ನೋಡಿಕೊಂಡು, ನನ್ನ ಮೇಜಿನ ಮೇಲಿಟ್ಟಳು.

"ಹಾಕಲ್ಲ ಕಣೇ," ಎಂದಳು.